ಪ್ರೊಸೆಸರ್‌ಗೆ ಜ್ವರವೇ? ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ

ಗೇಮ್ ಶುರುವಾಗಿ ಹತ್ತು ನಿಮಿಷವೂ ಆಗಿರುವುದಿಲ್ಲ, ಕ್ಯಾಬಿನೆಟ್ ಒಳಗಿನ ಫ್ಯಾನ್ ಬೊಬ್ಬೆ ಹೊಡೆಯುತ್ತದೆ. ಪರದೆಯ ಮೂಲೆಯಲ್ಲಿ ಸಿಪಿಯು (ಅಂದರೆ ಪ್ರೊಸೆಸರ್) ಬಳಕೆ 100 ಪರ್ಸೆಂಟ್, 95 ಡಿಗ್ರಿ ಎಂದು ಕೆಂಪಕ್ಷರ. ಆಗ ಬಹಳ ಜನ ಮಾಡುವ ಮೊದಲ ಕೆಲಸ ಏನು ಗೊತ್ತಾ? ಹೊಸ ಥರ್ಮಲ್ ಪೇಸ್ಟ್, ಅಂದರೆ ಪ್ರೊಸೆಸರ್‌ನ ಬಿಸಿ ಅದರ ಮೇಲಿನ ಕೂಲರ್‌ಗೆ ದಾಟಲು ನಡುವೆ ಹಚ್ಚುವ ಮುಲಾಮು, ತರಿಸುವುದು. ಅದು ಕೈಗೆ ಬಂದ ದಿನವೇ ಕೂಲರ್ ಕಿತ್ತು, ಪೇಸ್ಟ್ ಬಳಿದು, ಮತ್ತೆ ಕೂರಿಸುತ್ತಾರೆ. ಬಿಸಿ ಎರಡು ಡಿಗ್ರಿ ಇಳಿದಿರುತ್ತದೆ. 100 ಪರ್ಸೆಂಟ್ ಇದ್ದಲ್ಲೇ ಇರುತ್ತದೆ. ಗೆಳೆಯರ ಪೀಸಿಗಳಲ್ಲಿ ಈ ಎಡವಟ್ಟನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಬಳಕೆ ಜಾಸ್ತಿ ಇರುವುದು ಒಂದು ಕಾಯಿಲೆ, ಬಿಸಿ ಜಾಸ್ತಿ ಇರುವುದು ಇನ್ನೊಂದು. ಎರಡೂ ಜೊತೆಯಲ್ಲಿ ಬರಬಹುದು, ಬೇರೆ ಬೇರೆಯಾಗಿಯೂ ಬರಬಹುದು. ಮೊದಲನೆಯದಕ್ಕೆ ಮದ್ದು ಬಹುಪಾಲು ಸಾಫ್ಟ್‌ವೇರ್‌ನಲ್ಲಿದೆ, ಎರಡನೆಯದಕ್ಕೆ ಕ್ಯಾಬಿನೆಟ್ ಒಳಗೆ. ಎಷ್ಟು ಒಳ್ಳೆಯ ಪೇಸ್ಟ್ ಹಚ್ಚಿದರೂ ಬಳಕೆ ಒಂದು ಪರ್ಸೆಂಟ್ ಕೂಡ ಇಳಿಯುವುದಿಲ್ಲ.

ಹೆಜ್ಜೆ 1: ಅಳೆಯಿರಿ

ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಇದು ಕನಿಷ್ಠ, ಗರಿಷ್ಠ, ಸರಾಸರಿ ಮೂರನ್ನೂ ಸಾಲಾಗಿ ತೋರಿಸುತ್ತದೆ. ಅದನ್ನು ಹಿನ್ನೆಲೆಯಲ್ಲಿ ಓಡಲು ಬಿಟ್ಟು 20 ನಿಮಿಷ ನಿಮ್ಮ ಗೇಮ್ ಆಡಿ. ಆಮೇಲೆ ನಾಲ್ಕು ಅಂಕಿಗಳನ್ನು ಬರೆದಿಟ್ಟುಕೊಳ್ಳಿ: ಪ್ರೊಸೆಸರ್ ಬಳಕೆ, ಅದರ ಬಿಸಿ, ಅದರ ಕ್ಲಾಕ್ ವೇಗ (ಅದು ಓಡುತ್ತಿರುವ ವೇಗ), ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್‌ನ ಬಳಕೆ.

ಗ್ರಾಫಿಕ್ಸ್ ಕಾರ್ಡ್ 95 ಪರ್ಸೆಂಟ್‌ಗಿಂತ ಮೇಲೆ, ಪ್ರೊಸೆಸರ್ 50–60ರಲ್ಲಿದ್ದರೆ ಪೀಸಿ ಗಟ್ಟಿಮುಟ್ಟಾಗಿದೆ. ಪ್ರೊಸೆಸರ್ 100ರಲ್ಲಿ ನಿಂತು ಕಾರ್ಡ್ 50ರಲ್ಲಿ ಆಕಳಿಸುತ್ತಿದ್ದರೆ ಪ್ರೊಸೆಸರ್ ಕೈಸೋತಿದೆ. ಒಟ್ಟು ಬಳಕೆಯ ಅಂಕಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕಗಳು ಕೋರ್, ಅವು ಒಟ್ಟಿಗೆ ನಡೆಸುವ ಕೆಲಸದ ಎಳೆಗಳು ಥ್ರೆಡ್. 8 ಕೋರ್, 16 ಥ್ರೆಡ್ ಇರುವ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ತುಂಬಿದ್ದರೂ ಒಟ್ಟು ಲೆಕ್ಕದಲ್ಲಿ ಬರೀ 6 ಪರ್ಸೆಂಟ್ ಕಾಣುತ್ತದೆ. ಹಾಗಾಗಿ ಒಂದೊಂದು ಕೋರ್‌ನ ಸಾಲನ್ನೂ ನೋಡಿ.

ಇನ್ನು ಬಿಸಿ. ಆಡುವಾಗ 60ರಿಂದ 80 ಡಿಗ್ರಿ ಮಾಮೂಲು. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿ ಹತ್ತಿರ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಎಎಂಡಿಯ ರೈಜನ್ 7000 ಸರಣಿ, ಅಂದರೆ 2022ರಲ್ಲಿ ಬಂದದ್ದು, ಪೂರ್ತಿ ಹೊರೆ ಬಿದ್ದಾಗ 95 ಮುಟ್ಟುವ ಹಾಗೆಯೇ ಮಾಡಿದ್ದು. ಪ್ರೊಸೆಸರ್ ಮೇಲೆ ಪೂರ್ತಿ ಹೊರೆ ಹಾಕಿ ಅಳೆಯುವ ಸಿನಿಬೆಂಚ್ ಓಡಿಸಿ 95 ನೋಡಿ ಗಾಬರಿಯಾಗುವವರು ಇದನ್ನು ನೆನಪಿಡಿ. ಆದರೆ ಬರೀ ಗೇಮ್‌ನಲ್ಲೇ 95 ಬಂದರೆ, ಜೊತೆಗೆ ಕ್ಲಾಕ್ ವೇಗ ಧಡಕ್ಕನೆ ಬೀಳುತ್ತಿದ್ದರೆ, ಅದು ನಿಜವಾದ ಜ್ವರ.

ಒಂದು ವಿನಾಯಿತಿ ಇದೆ. ಹೊಸ ಗೇಮ್ ಮೊದಲ ಸಲ ತೆರೆದಾಗ, ಅಥವಾ ಕಾರ್ಡ್‌ನ ಡ್ರೈವರ್ ಅಪ್‌ಡೇಟ್ ಆದ ಮೇಲೆ, ಶೇಡರ್ ಕಂಪೈಲ್ ಆಗುತ್ತದೆ, ಅಂದರೆ ಗೇಮ್‌ನ ಬೆಳಕು-ಬಣ್ಣದ ಕೋಡ್ ನಿಮ್ಮ ಕಾರ್ಡ್‌ಗೆ ಹೊಂದುವಂತೆ ತಯಾರಾಗುತ್ತದೆ. ಆಗ ಎಲ್ಲ ಕೋರ್‌ಗಳೂ 100 ಮುಟ್ಟುತ್ತವೆ. ಅದು ಮುಗಿಯುವವರೆಗೆ ಸುಮ್ನೆ ಕೂತಿರಿ.

ಹೆಜ್ಜೆ 2: ಯಾರು ತಿನ್ನುತ್ತಿದ್ದಾರೆ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಸಿಪಿಯು ಕಾಲಂ ಮೇಲೆ ಕ್ಲಿಕ್ ಮಾಡಿ. ಬ್ರೌಸರ್‌ನ ಮೂವತ್ತು ಟ್ಯಾಬ್, ನಾಲ್ಕು ಬಗೆಯ ಗೇಮ್ ಲಾಂಚರ್, ಬಣ್ಣದ ದೀಪ ಮಿನುಗಿಸುವ ಸಾಫ್ಟ್‌ವೇರ್, ಹೊತ್ತಲ್ಲದ ಹೊತ್ತಿನಲ್ಲಿ ಸ್ಕ್ಯಾನ್ ಮಾಡುವ ಆಂಟಿವೈರಸ್: ಸಾಮಾನ್ಯವಾಗಿ ಇವರೇ ಕಳ್ಳರು. ಮುಚ್ಚಿ. ಸ್ಟಾರ್ಟಪ್ ಪಟ್ಟಿಯಿಂದಲೂ ತೆಗೆಯಿರಿ.

ಇನ್ನೊಬ್ಬ ಕಳ್ಳ ಜಾಣ. ಏನೂ ಮಾಡದೆ ಇದ್ದಾಗಲೂ ಫ್ಯಾನ್ ಕೂಗುತ್ತದೆ, ನೀವು ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ತಣ್ಣಗಾಗುತ್ತದೆ, ಮುಚ್ಚಿದ ಮೇಲೆ ಮತ್ತೆ ಶುರು. ಇದು ನಿಮ್ಮ ಪೀಸಿಯಲ್ಲಿ ಬೇರೆ ಯಾರಿಗೋ ಕ್ರಿಪ್ಟೊ ನಾಣ್ಯ ಅಗೆಯುವ ಮಾಲ್‌ವೇರ್ ಇರಬಹುದು. ಕ್ರ್ಯಾಕ್ ಮಾಡಿದ ಗೇಮ್ ಹಾಕಿದ್ದೀರಾ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ವಿಂಡೋಸ್‌ನ ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಇದೆ, ಅದನ್ನು ಓಡಿಸಿ.

'ಗೇಮ್ ಬೂಸ್ಟರ್', 'ರ್‍ಯಾಮ್ ಕ್ಲೀನರ್' ಅಂತ ಬರುವ ಯಾವುದನ್ನೂ ಹಾಕಬೇಡಿ. ಬಳಕೆ ಕಮ್ಮಿ ಮಾಡುತ್ತೇನೆ ಎನ್ನುತ್ತಾ ಹಿನ್ನೆಲೆಯಲ್ಲಿ ತಾವೂ ಒಂದು ಪಾಲು ತಿನ್ನುತ್ತವೆ.

ಹೆಜ್ಜೆ 3: ಫ್ರೇಮ್‌ಗೆ ಲಗಾಮು ಹಾಕಿ

ಈ ಲೇಖನದಲ್ಲಿ ಒಂದೇ ಕೆಲಸ ಮಾಡುವ ಪುರುಸೊತ್ತು ಇದ್ದರೆ ಇದನ್ನು ಮಾಡಿ. ಫ್ರೇಮ್ ಅಂದರೆ ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರ. ನಿಮ್ಮ ಮಾನಿಟರ್ 144 ಹರ್ಟ್ಸ್‌ನದ್ದಾದರೆ, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದಾದರೆ, ಸೆಕೆಂಡಿಗೆ 144ಕ್ಕಿಂತ ಜಾಸ್ತಿ ಫ್ರೇಮ್ ಅದರಲ್ಲಿ ಪೂರ್ತಿಯಾಗಿ ಕಾಣುವುದೇ ಇಲ್ಲ. ಆದರೂ ಲಗಾಮಿಲ್ಲದ ಗೇಮ್ ಮೆನು ಪರದೆಯಲ್ಲೇ ನೂರಾರು ಫ್ರೇಮ್ ಎಳೆಯುತ್ತದೆ. ಪ್ರತಿ ಫ್ರೇಮ್‌ಗೂ ಪ್ರೊಸೆಸರ್ ಬೆವರು ಸುರಿಸಬೇಕು. ಗೇಮ್‌ನ ಸೆಟ್ಟಿಂಗ್ಸ್‌ನಲ್ಲೋ ಗ್ರಾಫಿಕ್ಸ್ ಡ್ರೈವರ್‌ನಲ್ಲೋ ಮಿತಿ ಹಾಕಿ. ನಾನು ಮಾನಿಟರ್ ವೇಗಕ್ಕಿಂತ ಮೂರು ಕಮ್ಮಿ ಇಡುತ್ತೇನೆ, ಅಂದರೆ 141.

ಇಲ್ಲಿ ಬಹಳ ಜನ ತಲೆಕೆಳಗಾಗಿ ಯೋಚಿಸುತ್ತಾರೆ. ಪ್ರೊಸೆಸರ್ ಸುಸ್ತಾಗಿದೆ ಎಂದು ರೆಸಲ್ಯೂಶನ್ ಇಳಿಸುತ್ತಾರೆ. ರೆಸಲ್ಯೂಶನ್ ಹೊರೆ ಬೀಳುವುದು ಗ್ರಾಫಿಕ್ಸ್ ಕಾರ್ಡ್ ಮೇಲೆ. ಅದು ಹಗುರವಾದರೆ ಕಾರ್ಡ್ ಇನ್ನಷ್ಟು ಫ್ರೇಮ್ ಬೇಡುತ್ತದೆ, ಪ್ರೊಸೆಸರ್ ಇನ್ನಷ್ಟು ಓಡಬೇಕಾಗುತ್ತದೆ. ಇಳಿಸಬೇಕಾದದ್ದು ಬೀದಿಯಲ್ಲಿ ಓಡಾಡುವ ಜನಸಂದಣಿ, ಎಷ್ಟು ದೂರದವರೆಗೆ ಕಾಣಬೇಕು ಎಂಬುದು, ವಸ್ತುಗಳು ಬೀಳುವ ಒಡೆಯುವ ಲೆಕ್ಕ (ಫಿಸಿಕ್ಸ್) ಇಂಥವನ್ನು. ಬೆಳಕಿನ ಕಿರಣಗಳ ಲೆಕ್ಕ ಹಾಕುವ ರೇ ಟ್ರೇಸಿಂಗ್ ಕೂಡ ಪ್ರೊಸೆಸರ್‌ಗೆ ಹೊರೆಯೇ.

ಹೆಜ್ಜೆ 4: ಧೂಳು ಮತ್ತು ಗಾಳಿ

ಬಳಕೆ ಸರಿಹೋಯಿತು, ಬಿಸಿ ಮಾತ್ರ ಇಳಿಯಲಿಲ್ಲ ಅನ್ನಿ. ಕ್ಯಾಬಿನೆಟ್‌ನ ಪಕ್ಕದ ಪ್ಯಾನಲ್ ತೆಗೆದು ಅದೇ ಗೇಮ್ ಆಡಿ. ಹತ್ತು ಡಿಗ್ರಿಯಷ್ಟು ಇಳಿದರೆ ದೋಷ ಗಾಳಿ ಓಡಾಟದ್ದು, ಕೂಲರ್‌ದಲ್ಲ. ಹಾಗಂತ ಪ್ಯಾನಲ್ ತೆಗೆದೇ ಬಿಡುವುದು ಪರಿಹಾರ ಅಲ್ಲ, ಧೂಳು ಇನ್ನೂ ಜಾಸ್ತಿ ಕೂರುತ್ತದೆ.

ಪೀಸಿ ಆಫ್ ಮಾಡಿ, ಮುಂದಿನ ಜಾಲರಿ ಬಿಚ್ಚಿ ತೊಳೆಯಿರಿ. ಗಾಳಿಯ ಡಬ್ಬಿಯಿಂದ ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಕೆಡುತ್ತದೆ. ಡಬ್ಬಿ ಓರೆ ಮಾಡಬೇಡಿ, ದ್ರವ ಚಿಮ್ಮುತ್ತದೆ. ಆಮೇಲೆ ಫ್ಯಾನ್‌ಗಳ ದಿಕ್ಕು ನೋಡಿ: ಮುಂದಿನವು ಒಳಗೆ ಎಳೆಯಬೇಕು, ಹಿಂದಿನವು ಮತ್ತು ಮೇಲಿನವು ಹೊರಗೆ ದಬ್ಬಬೇಕು. ಸಾಮಾನ್ಯವಾಗಿ ಫ್ಯಾನ್‌ನ ಮೋಟಾರನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಗಳು ಇರುವ ಕಡೆಯಿಂದ ಗಾಳಿ ಹೊರಬರುತ್ತದೆ. ಗಾಜಿನ ಮುಖದ ಕ್ಯಾಬಿನೆಟ್‌ಗಳು ನೋಡಲು ಚೆಂದ, ಉಸಿರಾಡಲು ಕಷ್ಟ. ನಾನು ಜಾಲರಿ ಮುಖದ್ದನ್ನು ಬಿಟ್ಟು ಬೇರೆ ಕೊಳ್ಳುವುದಿಲ್ಲ.

ಹೆಜ್ಜೆ 5: ಈಗ ಪೇಸ್ಟ್, ಅದೂ ಬೇಕಿದ್ದರೆ

ಬೇಕಾ ಬೇಡವಾ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಹತ್ತು ಹದಿನೈದು ನಿಮಿಷದಲ್ಲಿ ನಿಧಾನವಾಗಿ ಬಿಸಿ ಏರಿದರೆ ಗಾಳಿಯ ತೊಂದರೆ. ಗೇಮ್ ಲೋಡ್ ಆದ ಕೆಲವೇ ಸೆಕೆಂಡಿನಲ್ಲಿ 90 ದಾಟಿದರೆ, ಆಗಲೂ ಕೂಲರ್‌ನ ಲೋಹದ ಪಟ್ಟಿಗಳು ಮುಟ್ಟಿದಾಗ ತಣ್ಣಗಿದ್ದರೆ, ಬಿಸಿ ಅಲ್ಲಿಗೆ ತಲುಪುತ್ತಲೇ ಇಲ್ಲ. ಮುಟ್ಟುವಾಗ ಫ್ಯಾನ್ ರೆಕ್ಕೆಯಿಂದ ಬೆರಳು ದೂರ ಇರಲಿ. ಲಿಕ್ವಿಡ್ ಕೂಲರ್ ಆದರೆ ಪಂಪ್ ಸತ್ತಿರಬಹುದು, ಅದಕ್ಕೆ ಪೇಸ್ಟ್ ಮದ್ದಲ್ಲ. ಗಾಳಿಯ ಕೂಲರ್ ಆದರೆ ಬಿಚ್ಚಲೇಬೇಕು.

ಬಿಚ್ಚುವ ಮೊದಲು ಹತ್ತು ನಿಮಿಷ ಗೇಮ್ ಆಡಿ. ತಮಾಷೆ ಅಲ್ಲ, ಒಣಗಿದ ಪೇಸ್ಟ್ ಬಿಸಿಗೆ ಮೆತ್ತಗಾಗುತ್ತದೆ. ಆಮೇಲೆ ಶಟ್‌ಡೌನ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ ಮಲಗಿಸಿ. ಬಣ್ಣ ಬಳಿಯದ ಲೋಹದ ಭಾಗ ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಹೋಗಲಿ. ಫ್ಯಾನ್ ವೈರ್ ಮೊದಲೇ ತೆಗೆಯಿರಿ, ಇದನ್ನು ಮರೆತು ಎಳೆಯುವವರೇ ಜಾಸ್ತಿ.

ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಈಗ ಬರುತ್ತದೆ ಎಲ್ಲರೂ ಎಡವುವ ಜಾಗ: ಕೂಲರ್ ಅನ್ನು ನೇರ ಮೇಲಕ್ಕೆ ಎಳೆಯಬೇಡಿ. ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಧಾನವಾಗಿ ತಿರುಚಿ. ಪೇಸ್ಟ್ ಬಿಟ್ಟುಕೊಟ್ಟದ್ದು ಕೈಗೆ ಗೊತ್ತಾಗುತ್ತದೆ, ಆಮೇಲೆ ಎತ್ತಿ. ನಾನೊಮ್ಮೆ ಎಎಂ4 ಸಾಕೆಟ್‌ನ (ಎಎಂಡಿಯ ಹಳೇ ಪ್ರೊಸೆಸರ್ ಕೂರುವ ಜಾಗ) ಪೀಸಿಯಲ್ಲಿ ಅವಸರಪಟ್ಟು ಎಳೆದೆ. 'ಟಪ್' ಎಂಬ ಶಬ್ದ. ಕೂಲರ್ ತಿರುಗಿಸಿ ನೋಡಿದರೆ ಪ್ರೊಸೆಸರ್ ಅದರ ತಳಕ್ಕೆ ಅಂಟಿಕೊಂಡೇ ಬಂದಿತ್ತು, ಅಂಚಿನ ಮೂರು ಪಿನ್ ಬಗ್ಗಿದ್ದವು. ಸೀಸ ತೆಗೆದ ಕ್ಲಚ್ ಪೆನ್ಸಿಲ್‌ನ ತುದಿಯನ್ನು ಒಂದೊಂದೇ ಪಿನ್‌ಗೆ ತೊಡಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ಪೀಸಿ ಮತ್ತೆ ಆನ್ ಆಯಿತು, ಆದರೆ ಆ ಅರ್ಧ ಗಂಟೆ ಯಾರಿಗೂ ಬೇಡ. ಎಎಂಡಿಯ ಹೊಸ ಎಎಂ5 ಮತ್ತು ಇಂಟೆಲ್ ಸಾಕೆಟ್‌ಗಳಲ್ಲಿ ಪ್ರೊಸೆಸರ್ ಮೇಲೆ ಲೋಹದ ಬಿಗಿಪಟ್ಟಿ ಇರುವುದರಿಂದ ಈ ಭಯ ಇಲ್ಲ. ಆ ಪಟ್ಟಿಯನ್ನು ಮಾತ್ರ ಬಿಚ್ಚಬೇಡಿ, ಪೇಸ್ಟ್ ಬದಲಿಸಲು ಅದರ ಅಗತ್ಯವೇ ಇಲ್ಲ.

ಹಳೇ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ ಬೇಕು. ಕೈಗೆ ಹಚ್ಚುವ ಸ್ಯಾನಿಟೈಜರ್ ಬೇಡ, ಅದರಲ್ಲಿ ಗ್ಲಿಸರಿನ್‌ನಂಥವು ಇರುತ್ತವೆ. ಲೋಹ ಕನ್ನಡಿಯಂತೆ ಕಾಣುವವರೆಗೆ ಒರೆಸಿ.

ಪೇಸ್ಟ್ ಎಷ್ಟು? ಬಟಾಣಿ ಕಾಳಿನಷ್ಟು, ನಡುವಿನಲ್ಲಿ. ಪ್ರೊಸೆಸರ್ ಉದ್ದಕ್ಕಿದ್ದರೆ ಸಣ್ಣ ಗೆರೆ ಎಳೆಯಿರಿ. ಬೆರಳಿನಿಂದ ಸವರಬೇಡಿ, ಕೂಲರ್‌ನ ಒತ್ತಡವೇ ಹರಡುತ್ತದೆ. ಸ್ವಲ್ಪ ಜಾಸ್ತಿಯಾದರೆ ಗಲೀಜಾಗುತ್ತದೆ ಅಷ್ಟೇ, ಕಮ್ಮಿಯಾದರೆ ತೊಂದರೆ. ಪೇಸ್ಟ್ ಬದಲು ಹಚ್ಚುವ ಲಿಕ್ವಿಡ್ ಮೆಟಲ್ (ದ್ರವ ಲೋಹ) ಎಂಬುದರ ಆಸೆಗೆ ಬೀಳಬೇಡಿ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ವಿದ್ಯುತ್ತೂ ಅದರಲ್ಲಿ ಹರಿಯುತ್ತದೆ. ಒಂದು ಹನಿ ಮದರ್‌ಬೋರ್ಡ್ ಮೇಲೆ ಬಿದ್ದರೆ ಕಥೆ ಮುಗಿಯಬಹುದು.

ಕೂರಿಸುವ ಮೊದಲು ಕೂಲರ್‌ನ ತಳ ನೋಡಿ. ಹೊಸದಾದರೆ ಅಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಗೆಳೆಯನೊಬ್ಬನ ಪೀಸಿ ಎರಡು ವರ್ಷದಿಂದ ವಿಪರೀತ ಬಿಸಿಯಾಗುತ್ತಿತ್ತು. ಮೂರು ಬಗೆಯ ಪೇಸ್ಟ್ ಬದಲಿಸಿದ್ದ. ಬಿಚ್ಚಿ ನೋಡಿದರೆ ಆ ಹಾಳೆ ಇನ್ನೂ ಅಂಟಿಕೊಂಡಿತ್ತು, 'ಕೂರಿಸುವ ಮೊದಲು ತೆಗೆಯಿರಿ' ಎಂಬ ಅಕ್ಷರ ಪೇಸ್ಟ್‌ನ ಕೆಳಗಿನಿಂದ ನೆಟ್ಟಗೆ ಓದಲು ಬರುತ್ತಿತ್ತು.

ನೇರವಾಗಿ ಇಳಿಸಿ. ಇಟ್ಟ ಮೇಲೆ ಸರಿಯಾಯಿತಾ ಎಂದು ಎತ್ತಿ ನೋಡಬೇಡಿ, ಗಾಳಿಗುಳ್ಳೆ ಸೇರುತ್ತದೆ. ಎತ್ತಿದರೆ ಒರೆಸಿ ಮೊದಲಿನಿಂದ ಮಾಡಿ. ಒಂದು ಮೂಲೆಗೆ ಎರಡು ಸುತ್ತು, ಅದರ ಎದುರು ಮೂಲೆಗೆ ಎರಡು ಸುತ್ತು, ಹೀಗೆ ಬಿಗಿ ಮಾಡುತ್ತಾ ಹೋಗಿ. ಇಂಟೆಲ್ ಜೊತೆ ಬರುವ ನಾಲ್ಕು ಪ್ಲಾಸ್ಟಿಕ್ ಕಾಲಿನ ಕೂಲರ್ ಆದರೆ, ಬಿಚ್ಚಲು ಕಾಲುಗಳನ್ನು ಬಾಣದ ಗುರುತಿನ ಕಡೆಗೆ ತಿರುಗಿಸಿರುತ್ತೀರಿ. ಕೂರಿಸುವ ಮೊದಲು ಅವನ್ನು ವಾಪಸ್ ತಿರುಗಿಸಬೇಕು. ಒತ್ತಿದಾಗ ನಾಲ್ಕೂ 'ಕಟ್' ಅನ್ನಬೇಕು. ಒಂದು ಕಾಲು ಎದ್ದು ನಿಂತಿದ್ದರೂ ಬಿಸಿ ಇಳಿಯುವುದಿಲ್ಲ. ಫ್ಯಾನ್ ವೈರ್ 'ಸಿಪಿಯು ಫ್ಯಾನ್' ಎಂದು ಬರೆದಿರುವ ಜಾಗಕ್ಕೇ ಹೋಗಲಿ.

ಹೆಜ್ಜೆ 6: ಬಯೋಸ್

ಬಯೋಸ್ ಅಂದರೆ ವಿಂಡೋಸ್ ಶುರುವಾಗುವ ಮೊದಲು ಓಡುವ, ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್. ಕೆಲವು ಮದರ್‌ಬೋರ್ಡ್‌ಗಳು ಪ್ರೊಸೆಸರ್‌ಗೆ ಕೇಳಿದಷ್ಟು ವಿದ್ಯುತ್ ಬಡಿಸುತ್ತವೆ. ಉದಾಹರಣೆಗೆ ಇಂಟೆಲ್‌ನ 13900ಕೆ ಪ್ರೊಸೆಸರ್‌ಗೆ ಕಂಪನಿಯೇ ಹೇಳಿದ ಟರ್ಬೊ (ಅಂದರೆ ಸ್ವಲ್ಪ ಹೊತ್ತು ಹೆಚ್ಚು ವೇಗದಲ್ಲಿ ಓಡುವಾಗಿನ) ಮಿತಿ 253 ವ್ಯಾಟ್. ಆ ಮಿತಿಯನ್ನು ಬಯೋಸ್‌ನಲ್ಲಿ ಕೂರಿಸಿ. ರೈಜನ್ ಆದರೆ ವಿದ್ಯುತ್ ಮಿತಿ ಇಳಿಸುವ ಇಕೋ ಮೋಡ್ ಇದೆ, ಗೇಮ್‌ನಲ್ಲಿ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರ್ ಇಟ್ಟುಕೊಂಡವರು ಬಯೋಸ್ ಅಪ್‌ಡೇಟ್ ಮಾಡಲೇಬೇಕು. ಜಾಸ್ತಿ ವೋಲ್ಟೇಜ್‌ನಿಂದ ಅವು ಕೆಡುತ್ತಿದ್ದವು, 2024ರಲ್ಲಿ ಅದಕ್ಕೆ ಬಯೋಸ್ ಮೂಲಕ ಹೊಸ ಮೈಕ್ರೋಕೋಡ್, ಅಂದರೆ ಪ್ರೊಸೆಸರ್‌ನ ಒಳಗಿನ ಆದೇಶಗಳ ತಿದ್ದುಪಡಿ, ಬಂತು.

ಲ್ಯಾಪ್‌ಟಾಪ್‌ನವರಿಗೆ ಒಂದು ಅಡ್ಡದಾರಿ: ವಿಂಡೋಸ್‌ನ ಪವರ್ ಸೆಟ್ಟಿಂಗ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 99 ಪರ್ಸೆಂಟ್ ಮಾಡಿದರೆ ಸಾಮಾನ್ಯವಾಗಿ ಟರ್ಬೊ ನಿಂತು ಬಿಸಿ ಧಡಕ್ಕನೆ ಇಳಿಯುತ್ತದೆ. ವೇಗವೂ ಇಳಿಯುತ್ತದೆ. ಬೇಸಿಗೆಯಲ್ಲಿ ನಾನೂ ಮಾಡುತ್ತೇನೆ.

ಹೆಜ್ಜೆ 7: ಮತ್ತೆ ಅಳೆಯಿರಿ

ಮೊದಲು ಬಯೋಸ್‌ಗೇ ಹೋಗಿ ಬಿಸಿ ನೋಡಿ. ಅಲ್ಲೇ ಸರಸರನೆ 80 ದಾಟಿದರೆ ತಕ್ಷಣ ಆಫ್ ಮಾಡಿ, ಕೂಲರ್ ಸರಿಯಾಗಿ ಕೂತಿಲ್ಲ. ಇಲ್ಲದಿದ್ದರೆ ಅದೇ ಗೇಮ್, ಅದೇ ಲೆವೆಲ್, ಅದೇ 20 ನಿಮಿಷ ಆಡಿ, ಹಳೇ ನಾಲ್ಕು ಅಂಕಿಗಳ ಪಕ್ಕ ಹೊಸದನ್ನು ಬರೆಯಿರಿ. ಕೋಣೆಯ ಸೆಕೆ ಎರಡೂ ದಿನ ಒಂದೇ ತರ ಇರಲಿ, ಕೋಣೆ ಐದು ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ಅಲ್ಲಿಯವರೆಗೆ ಪ್ಯಾನಲ್ ಮುಚ್ಚಿಡಿ, ಸ್ಕ್ರೂ ಮಾತ್ರ ಹಾಕಬೇಡಿ. ಯಾವುದೋ ಒಂದು ವೈರ್ ಫ್ಯಾನ್ ರೆಕ್ಕೆಗೆ ತಾಗಿ ಟಕಟಕ ಅನ್ನಲು ಶುರುಮಾಡುವುದು ಸಾಮಾನ್ಯವಾಗಿ ಆಗಲೇ.