ಅಗ್ಗದ ಬ್ಲೆಂಡ್ ವೈನ್: ಬಿಡಿ ಗ್ಲಾಸುಗಳಿಂದ ಶುರುಮಾಡಿದ ನನ್ನ ಅನುಭವ

ಅಗ್ಗದ ಬ್ಲೆಂಡಿಗೆ, ಅಂದರೆ ಹಲವು ವೈನು ಬೆರೆಸಿ ಮಾಡುವ ವೈನಿಗೆ, ಒಂದೊಂದನ್ನೂ ಬೇರೆಬೇರೆ ರುಚಿ ನೋಡುವ ಕಸರತ್ತು ಬೇಡ, ಟ್ಯಾಂಕುಗಳಲ್ಲಿ ಉಳಿದದ್ದನ್ನು ಸೇರಿಸಿ ಫಿಲ್ಟರ್ ಮಾಡಿದರೆ ಸಾಕು ಎಂದವರೇ ಹೆಚ್ಚು. ಬೆರೆಸುವ ಮುಂಚಿನ ಬಿಡಿ ವೈನುಗಳನ್ನು ಗಿರಾಕಿಗಳ ಮುಂದಿಟ್ಟರೆ ಹೆಸರು ಕೆಡುತ್ತದೆ ಎಂದೂ ಹೇಳಿದರು. ನಾನು ಎರಡೂ ಮಾತು ಕೇಳಲಿಲ್ಲ. ಕುಡಿಯುವವರನ್ನು ರುಚಿ ನೋಡುವ ಬೆಂಚಿನ ಮುಂದೆ ಕೂರಿಸಿ ಮೊದಲು ಬಿಡಿ ವೈನು, ಆಮೇಲೆ ಬ್ಲೆಂಡು ಎಂಬ ಕ್ರಮ ಹಿಡಿದೆ. ಈಗ ನಮ್ಮ ಕಡಿಮೆ ಬೆಲೆಯ ಕೆಂಪು ವರ್ಷದಿಂದ ವರ್ಷಕ್ಕೆ ಒಂದೇ ಹದದಲ್ಲಿ ಹೊರಬರುತ್ತಿದೆ, ಖರ್ಚೂ ಇಳಿದಿದೆ.

ಬೆಂಚಿನ ಮೇಲೆ ಐದು ಗ್ಲಾಸು. ಗ್ರೆನಾಶ್, ಶಿರಾಜ್, ಕ್ಯಾಬರ್ನೆ ಎಂಬ ಮೂರು ಕೆಂಪು ದ್ರಾಕ್ಷಿ ತಳಿಗಳ ವೈನು, ಸಿಪ್ಪೆಯನ್ನು ಒತ್ತಿ ತೆಗೆದ ಹಿಂಡಿದ ವೈನು, ಕೊನೆಗೆ ಬ್ಲೆಂಡು. ಬ್ಲೆಂಡಿನ ನೂರು ಭಾಗದಲ್ಲಿ ಮೊದಲ ನಾಲ್ಕರ ಅನುಪಾತ ಕ್ರಮವಾಗಿ ಸುಮಾರು 60, 28, 7, 5. ಗ್ರೆನಾಶ್ ಮೈತುಂಬಿಕೊಂಡಿರುತ್ತದೆ, ಆದರೆ ಬಣ್ಣ ತೆಳು, ಆಲ್ಕೋಹಾಲ್ ಮುಂದೆ ನಿಲ್ಲುತ್ತದೆ. ಶಿರಾಜ್ ಬಣ್ಣವನ್ನೂ ಕರಿಮೆಣಸಿನ ಘಮವನ್ನೂ ತರುತ್ತದೆ. ಕ್ಯಾಬರ್ನೆಯದು ಬೆನ್ನುಮೂಳೆಯ ಕೆಲಸ. ಹಿಂಡಿದ ವೈನು ಬರೀ ಒಗರು, ಒಂದೇ ಗುಟುಕಿಗೆ ಒಸಡು ಬಿಗಿಯುತ್ತದೆ. ಅದನ್ನು ಚೀಪಿದವರಿಗೆ ಬ್ಲೆಂಡಿನಲ್ಲಿ ಅದರ 5 ಭಾಗ ಎಲ್ಲಿ ಕೂತಿದೆ ಎಂದು ಬಾಯಿಬಿಟ್ಟು ಹೇಳಬೇಕಿಲ್ಲ.

ಗ್ಲಾಸಿಗೆ 50 ಮಿಲಿ, 16ರಿಂದ 18 ಡಿಗ್ರಿ. ಇದಕ್ಕಿಂತ ತಣ್ಣಗಾದರೆ ಒಗರು, ಕಹಿ ಎರಡೂ ಎದ್ದು ಕಾಣುತ್ತವೆ. 20 ದಾಟಿದರೆ ಗ್ರೆನಾಶಿನ ಆಲ್ಕೋಹಾಲೇ ಮೂಗಿಗೆ ಹೊಡೆಯುತ್ತದೆ. ಒಗರು ಗುಟುಕಿನಿಂದ ಗುಟುಕಿಗೆ ಬಾಯಲ್ಲಿ ಕೂಡುತ್ತಾ ಹೋಗುವುದರಿಂದ ಪ್ರತಿ ಗ್ಲಾಸಿನ ನಡುವೆ ಕನಿಷ್ಠ ಒಂದು ನಿಮಿಷ ಬಿಡುವು, ನೀರು. ಹಿಂಡಿದ ವೈನು ಮುಗಿದ ಮೇಲೆ ಬಿಡುವು ಇನ್ನೂ ಉದ್ದ. ಎಲ್ಲರೂ ಬರೆದು ಮುಗಿಸುವವರೆಗೆ ವೈನ್ ಮಾಡಿದವನು ಬಾಯಿ ತೆರೆಯಬಾರದು. ನಾನು ‘ಇದರಲ್ಲಿ ಮೆಣಸಿದೆ’ ಎಂದ ಕ್ಷಣವೇ ಎಲ್ಲರ ಮೂಗಿಗೂ ಮೆಣಸು ಸಿಗುತ್ತದೆ.

ದುಡ್ಡಿನ ನಿರ್ಧಾರ ಆಗುವುದು ಮೂರು ಗ್ಲಾಸಿನ ಪರೀಕ್ಷೆಯಲ್ಲಿ. ಎರಡರಲ್ಲಿ ಒಂದೇ ವೈನು, ಒಂದರಲ್ಲಿ ಬೇರೆ. ಬೇರೆಯದು ಯಾವುದು ಎಂದು ಹುಡುಕಬೇಕು. 12 ಜನರಲ್ಲಿ ಕನಿಷ್ಠ 8 ಜನ ಸರಿಯಾಗಿ ಹೇಳಿದರೆ ಮಾತ್ರ ವ್ಯತ್ಯಾಸ ಇದೆ ಎಂದು ಒಪ್ಪುತ್ತೇನೆ, ಯಾಕೆಂದರೆ ಕಣ್ಣುಮುಚ್ಚಿ ಊಹಿಸಿದರೂ ಸರಾಸರಿ 4 ಸರಿ ಬರುತ್ತದೆ. ಗ್ರೆನಾಶಿನ ಬೆಲೆ ಲೀಟರಿಗೆ 1 ಎಂದಿಟ್ಟುಕೊಳ್ಳಿ, ಒಳ್ಳೆಯ ಕ್ಯಾಬರ್ನೆ 4. ಗ್ರೆನಾಶಿಗೆ ಅದನ್ನು 8 ಭಾಗ ಸೇರಿಸಿದರೆ ಲೀಟರಿಗೆ 1.24 ಬೀಳುತ್ತದೆ, 15 ಭಾಗಕ್ಕೆ 1.45. ಆ ಎರಡರ ನಡುವಿನ ವ್ಯತ್ಯಾಸ ಯಾರಿಗೂ ಸಿಗದಿದ್ದರೆ 7 ಭಾಗ ಕ್ಯಾಬರ್ನೆಯ ದುಡ್ಡು ನೀರುಪಾಲು. ಹೆಚ್ಚಿನವರು ಒಳ್ಳೆಯ ವೈನಿನಿಂದ ಶುರುಮಾಡಿ ಅಗ್ಗದ್ದನ್ನು ಸೇರಿಸುತ್ತಾ ಹೋಗುತ್ತಾರೆ. ನನ್ನದು ತಿರುಗುಮುರುಗು: ಅಗ್ಗದ್ದರಿಂದ ಶುರು, ಸಾಕು ಎನಿಸಿದಲ್ಲಿ ನಿಲ್ಲು.

ಬೆಂಚಿನಲ್ಲಿ 100 ಮಿಲಿ ಸಿಲಿಂಡರಿಗೆ ಪಿಪೆಟ್ಟಿನಿಂದ ಸೇರಿಸುವುದು. 1 ಮಿಲಿ ಅಂದರೆ 1 ಭಾಗ, ಲೆಕ್ಕ ತಪ್ಪುವುದಿಲ್ಲ. ಮೊದಲು 5 ಭಾಗದ ಹೆಜ್ಜೆ, ಹದ ಸಿಕ್ಕಿದ ಕಡೆ 1 ಭಾಗದ ಹೆಜ್ಜೆ. ರುಚಿ ನೇರ ಗೆರೆಯಲ್ಲಿ ಏರುವುದಿಲ್ಲ. ಕ್ಯಾಬರ್ನೆ 7ರಲ್ಲಿ ಚೆನ್ನ, 12ರಲ್ಲಿ ಗ್ರೆನಾಶಿನ ಹಣ್ಣೇ ಮುಚ್ಚಿಹೋಗುತ್ತದೆ, 20ರಲ್ಲಿ ಮತ್ತೆ ಸರಿಹೋದಂತೆ ಕಾಣುತ್ತದೆ. ಗೆದ್ದ ಮಾದರಿಯನ್ನು ಸಣ್ಣ ಬಾಟಲಿಗೆ ಕಂಠಪೂರ್ತಿ ತುಂಬಿ ಎರಡು ದಿನ ಇಟ್ಟು ಮತ್ತೆ ನೋಡಬೇಕು. ಆಗಷ್ಟೇ ಸೇರಿಸಿದ ಗ್ಲಾಸನ್ನು ನಂಬಿ ಟ್ಯಾಂಕು ತೆರೆಯಬೇಡಿ.

ವೈನಿಗೆ ಘಮ ಕೊಡುವ ಓಕ್ ಮರದ ವಿಷಯಕ್ಕೆ ಬಂದರೆ, 225 ಲೀಟರ್ ಬ್ಯಾರೆಲ್ಲಿನ ದುಡ್ಡನ್ನು 300 ಬಾಟಲಿಯ ಮೇಲೆ ಹಂಚಬೇಕು. ಈ ಬೆಲೆಯ ವೈನಿಗೆ ಅದು ಹೊರಲಾರದ ಹೊರೆ. ಇಡೀ ಟ್ಯಾಂಕಿಗೆ ಓಕ್ ಚಿಪ್ಸ್ ಚೆಲ್ಲುವುದೂ ಬೇಡ. ಶಿರಾಜಿನ ಒಂದು ಪಾಲಿಗೆ ಮಾತ್ರ ಲೀಟರಿಗೆ 4 ಗ್ರಾಂನಂತೆ ಹಾಕಿ, ಆರು ವಾರದ ಹೊತ್ತಿಗೆ ತೆಗೆದು, ಅದನ್ನೇ ಇನ್ನೊಂದು ಬಿಡಿ ವೈನಿನಂತೆ ಅಳೆದು ಸೇರಿಸುತ್ತೇನೆ. ಓಕ್ ಹೆಚ್ಚಾಯಿತು ಅನಿಸಿದರೆ ಕಡಿಮೆ ಹಾಕಿದರಾಯಿತು, ಇಡೀ ಟ್ಯಾಂಕು ಕೈತಪ್ಪುವುದಿಲ್ಲ. ಹಿಂಡಿದ ವೈನನ್ನು ಏನು ಹಾಕಿ, ಯಾವ ಹಂತದಲ್ಲಿ ತಿಳಿಮಾಡುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ. ಈ ಬ್ಲೆಂಡಿನ ಅರ್ಧ ಜೀವ ಅದರಲ್ಲಿದೆ.

ಕೆಡುವುದು ಸಾಮಾನ್ಯವಾಗಿ ಬೆಂಚಿನಲ್ಲಲ್ಲ, ಟ್ಯಾಂಕಿನಲ್ಲಿ. ಒಂದು ಪಾಲಿನಲ್ಲಿ ದ್ರಾಕ್ಷಿಯ ಸಹಜ ಹುಳಿಯಾದ ಮ್ಯಾಲಿಕ್ ಆಮ್ಲ ಉಳಿದಿದ್ದರೆ ಬ್ಲೆಂಡಾದ ಮೇಲೆ ಬ್ಯಾಕ್ಟೀರಿಯಾ ಕೆಲಸ ಶುರುಮಾಡುತ್ತದೆ, ಬಾಟಲಿಯಲ್ಲಿ ಗ್ಯಾಸು ಏಳುತ್ತದೆ. ಪ್ರತಿ ಪಾಲಿನಲ್ಲೂ ಲೀಟರಿಗೆ 0.2 ಗ್ರಾಂಗಿಂತ ಕೆಳಗೆ ಇಳಿದಿದೆಯೇ ನೋಡಿ. ತಣ್ಣಗೆ ಇಟ್ಟು ಟಾರ್ಟ್ರೇಟ್ ಎಂಬ ಲವಣದ ಹರಳು ಇಳಿಸಿದ ಎರಡು ವೈನನ್ನು ಸೇರಿಸಿದರೂ ಹೊಸದಾಗಿ ಹರಳು ಕಟ್ಟಬಹುದು, ಏಕೆಂದರೆ ಪಿಎಚ್ (ಆಮ್ಲೀಯತೆಯ ಅಳತೆ), ಪೊಟ್ಯಾಸಿಯಂ, ಆಲ್ಕೋಹಾಲ್ ಮೂರೂ ಬದಲಾಗಿರುತ್ತವೆ. ಬ್ಲೆಂಡಿಗೇ ಬೇರೆಯಾಗಿ ಪರೀಕ್ಷೆ ಆಗಬೇಕು. ಪಿಎಚ್ 3.5ರಲ್ಲಿ ಲೀಟರಿಗೆ 25 ಮಿಲಿಗ್ರಾಂ ಮುಕ್ತ ಸಲ್ಫರ್ ಡೈಆಕ್ಸೈಡ್ (ವೈನು ಕೆಡದಂತೆ ಹಾಕುವುದು) ಕೊಡುವ ರಕ್ಷಣೆಗೆ 3.7ರಲ್ಲಿ 40ರ ಹತ್ತಿರ ಬೇಕು. ಹಳೆಯ ಲೆಕ್ಕದಲ್ಲೇ ಹಾಕಿದರೆ ವೈನು ಬೇಗ ಕಂದುತ್ತದೆ. ಇನ್ನೊಂದು, ಹಗುರಾದ ವೈನನ್ನು ಮೇಲಿಂದ ಸುರಿದರೆ ಪದರವಾಗಿ ಮೇಲೆಯೇ ನಿಲ್ಲುತ್ತದೆ. ತಳದಿಂದ ಪಂಪು ಮಾಡಿ, ಮೇಲೆ, ನಡುವೆ, ಕೆಳಗೆ ಮೂರು ಕಡೆ ಮಾದರಿ ತೆಗೆದು ಹೋಲಿಸುವವರೆಗೆ ಬಾಟಲಿಯ ಮಾತೆತ್ತಬೇಡಿ.

ಬ್ರೆಟ್ ಎಂಬ, ವೈನು ಕೆಡಿಸುವ ಯೀಸ್ಟ್ ಹಿಡಿದ ವೈನನ್ನು ‘ಸ್ವಲ್ಪವೇ ತಾನೆ’ ಎಂದು ಬ್ಲೆಂಡಿನಲ್ಲಿ ಕರಗಿಸಲು ಹೋಗುವುದು ಅತಿ ದುಬಾರಿ ಉಳಿತಾಯ. ಯೀಸ್ಟ್ ಜೀವಂತವಾಗಿದ್ದರೆ ಉಳಿದ ಟ್ಯಾಂಕಿಗೂ ಹಬ್ಬುತ್ತದೆ. ಕೊಳೆತ ಮೊಟ್ಟೆಯ ವಾಸನೆಗಾದರೆ ದಾರಿಯಿದೆ: ಗ್ಲಾಸಿಗೆ ಒಂದು ಹನಿ ತಾಮ್ರದ ಸಲ್ಫೇಟ್ ದ್ರಾವಣ, ಮೂಸಲು ಮಾತ್ರ, ಕುಡಿಯಲು ಅಲ್ಲ. ವಾಸನೆ ಹೋದರೆ ಆ ಪಾಲನ್ನು ಉಳಿಸಿಕೊಳ್ಳಬಹುದು.

ನಡುವೆ ವಿಯೊನ್ಯೇ ಎಂಬ ಬಿಳಿ ದ್ರಾಕ್ಷಿಯ ಕಡೆಗೂ ಹೋದೆ. ಫ್ರಾನ್ಸಿನ ಕೋತ್-ರೋತೀ ಎಂಬ ವೈನ್ ಪ್ರದೇಶದಲ್ಲಿ ಸಿರಾ (ಶಿರಾಜಿನದೇ ಇನ್ನೊಂದು ಹೆಸರು) ಜೊತೆ 20 ಭಾಗದವರೆಗೆ ಅದಕ್ಕೆ ಅವಕಾಶವಿದೆ. ಮುಗಿದ ಕೆಂಪಿಗೆ 3 ಭಾಗ ಸೇರಿಸಿದರೆ ಘಮ ಏಳುತ್ತದೆ, ಬಣ್ಣ ತುಸು ಇಳಿಯುತ್ತದೆ. ಅದರ ಸಿಪ್ಪೆಯನ್ನು ಶಿರಾಜಿನ ಜೊತೆಗೇ ಹುದುಗಿಸಿದಾಗ ಬಣ್ಣ ಗಟ್ಟಿಯಾಗಿ ನಿಂತಂತೆ ನನಗೆ ಕಂಡಿದೆ. ಸಿಪ್ಪೆಗೆ ಬೇರೆ ಖರ್ಚೇ ಇಲ್ಲ, ಹಾಗಾಗಿ ಈ ದಾರಿ ಬಿಡುವುದಿಲ್ಲ.

ಬಾಟಲಿ ತುಂಬಿದ ಕೂಡಲೇ ಯಾರನ್ನೂ ರುಚಿಗೆ ಕರೆಯಬೇಡಿ. ಪಂಪು, ಫಿಲ್ಟರು, ಹೊಸ ಸಲ್ಫರ್ ಸೇರಿ ಘಮ ಮುದುಡಿರುತ್ತದೆ. ನಾಲ್ಕರಿಂದ ಆರು ವಾರ ಬಿಡಿ. ಪ್ರತಿ ಬಿಡಿ ವೈನಿನ ಒಂದೊಂದು ಬಾಟಲಿಯನ್ನೂ ಎತ್ತಿಡಿ, ಮುಂದಿನ ಸುಗ್ಗಿಯ ಬೆಂಚಿಗೆ ಅದೇ ಅಳತೆಗೋಲು.