ಎಣ್ಣೆ ಮಡ್ ಕಲೆಸುವಾಗ ಮೊದಲು ಸುಣ್ಣ, ಆಮೇಲೆ ಉಪ್ಪುನೀರು

ರಜೆಗೆ ಸಿಂಧನೂರಿಗೆ ಬಂದಾಗಲೆಲ್ಲ ಚಹಾದಂಗಡಿಯಲ್ಲಿ ನನ್ನನ್ನು "ಬೋರ್ ಹಾಕೋ ಸಾಹೇಬ್ರು" ಅಂತಾರೆ. ನಮ್ಮ ಕಡೆ ಬೋರ್ ಅಂದ್ರೆ ಕಲ್ಲು, ಹ್ಯಾಮರ್, ಕಂಪ್ರೆಸರ್ ಗಾಳಿ. ನಾನಿರೋದು ಎಣ್ಣೆಬಾವಿ ರಿಗ್‌ನಲ್ಲಿ, ಮಡ್ ಇಂಜಿನಿಯರ್. ಕೊರೆಯುವಾಗ ಬಾವಿಯೊಳಗೆ ಸುತ್ತಿಸುವ ದ್ರವಕ್ಕೆ ಮಡ್ ಅಂತಾರೆ. ಅಲ್ಲಿ ಶೇಲ್ ಅನ್ನೋ ಜೇಡಿಕಲ್ಲಿನ ಪದರ ನೀರು ಕುಡಿದು ಉಬ್ಬಿದರೆ ಪೈಪೇ ಸಿಕ್ಕಿಕೊಳ್ಳುತ್ತೆ, ಅದಕ್ಕೇ ಎಣ್ಣೆ ಮಡ್. ಅಕ್ಕನ ಮಗನೂ ಇದೇ ಕೆಲಸಕ್ಕೆ ಹೊರಟಿದ್ದಾನೆ. "ಮಾಮ, ಎಮಲ್ಸಿಫೈಯರ್ ಅಂದ್ರ ಏನದು?" ಅಂದ. ಅವನಿಗೆ ಹೇಳಿದ್ದು ಇದು.

ಹತ್ತಿಗೆ ಬೇವಿನೆಣ್ಣೆ ಹೊಡೆಯುವಾಗ ಸೋಪು ಕಲೆಸದಿದ್ದರೆ ಎಣ್ಣೆ ಮೇಲೇ ತೇಲುತ್ತೆ. ಅಲ್ಲಿ ಸೋಪು ನೀರಿನೊಳಗೆ ಎಣ್ಣೆ ಹನಿಯನ್ನು ಹಿಡಿದಿಡುತ್ತೆ. ಹೀಗೆ ಎಣ್ಣೆ-ನೀರನ್ನು ಬೆರೆಸಿ ಹಿಡಿಯೋದೇ ಎಮಲ್ಸಿಫೈಯರ್. ಮಡ್‌ನಲ್ಲಿ ಇದರ ಉಲ್ಟಾ: ಎಣ್ಣೆಯೊಳಗೆ ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪು ಕರಗಿಸಿದ ನೀರಿನ ಹನಿ. ಉಲ್ಟಾ ಮಾಡೋದು ಸುಣ್ಣ. ಗಡಸು ಬೋರ್ ನೀರಲ್ಲಿ ಸೋಪು ನೊರೆ ಬರದೆ ಬಕೆಟ್ ಅಂಚಿಗೆ ಬಿಳಿ ಜಿಗಟು ಕೂರುತ್ತಲ್ಲ, ಅದೇ ಕ್ಯಾಲ್ಸಿಯಂ ಸೋಪು. ಮನೇಲಿ ಅದಕ್ಕೆ ಬೈತೀವಿ, ರಿಗ್‌ನಲ್ಲಿ ಅದೇ ಬೇಕು. ನೀರಿಗಿಂತ ಅದಕ್ಕೆ ಎಣ್ಣೆ ಮೇಲೆ ಪ್ರೀತಿ. ಡ್ರಮ್ಮಿನಲ್ಲಿ ಬರುವ ಪ್ರೈಮರಿ ಎಮಲ್ಸಿಫೈಯರ್ ಸಾಮಾನ್ಯವಾಗಿ ಪೈನ್ ಮರದಿಂದ ಕಾಗದದ ತಿರುಳು ಮಾಡುವಾಗ ಸಿಗುವ ಫ್ಯಾಟಿ ಆಸಿಡ್. ಸುಣ್ಣ ಸೇರಿದ ಮೇಲೇ ಅದು ಸೋಪಾಗೋದು.

ಹಾಗಾಗಿ ಪಿಟ್‌ಗೆ, ಅಂದ್ರೆ ಮಡ್ ತೊಟ್ಟಿಗೆ, ಮೊದಲು ಬೇಸ್ ಆಯಿಲ್, ಪ್ರೈಮರಿ, ಸೆಕೆಂಡರಿ ಎಮಲ್ಸಿಫೈಯರ್, ಆಮೇಲೆ ಸುಣ್ಣ. ಕನ್ನಡಕ ಹಾಕ್ಕೊಂಡೇ ಸುಣ್ಣ ಸುರಿ. ಚೆನ್ನಾಗಿ ತಿರುಗಿದ ಮೇಲೆ ಉಪ್ಪುನೀರನ್ನು ಸಣ್ಣ ಧಾರೆಯಲ್ಲಿ ಬಿಡು, ಮಡ್ ಕಲಕುವ ಗನ್ನು, ಪಂಪು ಎಲ್ಲ ಓಡ್ತಿರಲಿ. ಮಡ್‌ಗೆ ತೂಕ ಕೊಡುವ ಬ್ಯಾರೈಟ್ ಕೊನೆಗೆ. ಸೆಕೆಂಡರಿಯ ಕೆಲಸ ಬ್ಯಾರೈಟ್ ಪುಡಿಗೆ ಎಣ್ಣೆ ಅಂಟುವ ಹಾಗೆ ಮಾಡೋದು. ಎಷ್ಟು ಹಾಕಬೇಕು ಅಂತ ಮೊದಲು ಲ್ಯಾಬ್‌ನಲ್ಲಿ ನೋಡು: 350 ಎಂಎಲ್ ಮಡ್‌ಗೆ 1 ಗ್ರಾಂ ಅಂದ್ರೆ ಬ್ಯಾರಲ್‌ಗೆ 1 ಪೌಂಡ್ ಲೆಕ್ಕ.

ಮೊದಲ ವರ್ಷ, ರಾತ್ರಿ ಶಿಫ್ಟು, ಬೇಗ ಮುಗಿಸಿ ಮಲಗೋ ಆಸೆಗೆ ಉಪ್ಪುನೀರಿನ ವಾಲ್ವ್ ಪೂರ್ತಿ ತೆರೆದೆ. ಬೆಳಿಗ್ಗೆ ಮಡ್‌ನ ಹೊಳಪೇ ಹೋಗಿ ಮಂಕಾಗಿತ್ತು. ಬ್ಯಾರೈಟ್ ನೀರು ಹಿಡಿದು ಹಸಿ ಹಿಟ್ಟಿನುಂಡೆಯ ಹಾಗೆ ಕಲ್ಲಿನ ಚೂರು ಸೋಸುವ ಶೇಕರ್ ಜಾಲರಿಗೆ ಮೆತ್ತಿಕೊಂಡಿತ್ತು. ಬಿಸಿ ಒತ್ತಡದ ಫಿಲ್ಟರ್ ಟೆಸ್ಟಿನಲ್ಲಿ ಬರಿ ಎಣ್ಣೆ ಇಳಿಯಬೇಕು. ನನ್ನ ಕೊಳವೆಯ ತಳದಲ್ಲಿ ನೀರು ಬೇರೆಯಾಗಿ ನಿಂತಿತ್ತು. ಬೇಸ್ ಆಯಿಲ್, ಎಮಲ್ಸಿಫೈಯರ್, ಸುಣ್ಣ ಮತ್ತೆ ಹಾಕಿ ದಿನವಿಡೀ ತಿರುಗಿಸಿದೆ. ಬೈಗುಳ ಬೇರೆ ತಿಂದೆ.

ಅದಕ್ಕೇ ಇಎಸ್ ಮೀಟರ್, ಅಂದ್ರೆ ಎಣ್ಣೆ-ನೀರಿನ ಬೆರಕೆ ಎಷ್ಟು ಗಟ್ಟಿ ಅಂತ ಕರೆಂಟಿನಿಂದ ನೋಡೋ ಮೀಟರ್, ಬಿಡಬೇಡ. ಮಡ್ ಸೋಸಿ, 50 ಡಿಗ್ರಿಗೆ ಬಿಸಿ ಮಾಡಿ, ಪ್ರೋಬಿನಿಂದಲೇ 10 ಸೆಕೆಂಡ್ ಕಲಕಿ, ಆಮೇಲೆ ಅಲುಗಾಡಿಸದೆ ಗುಂಡಿ ಒತ್ತು. ಎಷ್ಟು ವೋಲ್ಟಿಗೆ ಕರೆಂಟ್ ಹರೀತು ಅಂತ ತೋರಿಸುತ್ತೆ. ಎರಡು ಸಲ ಅಳೆದು ಸರಾಸರಿ ಬರಕೋ. "ಎಷ್ಟು ಬಂದ್ರ ಛಲೋ, ಮಾಮ?" ಅಂದ. ಒಂದು ಅಂಕಿಗೆ ಜೋತುಬೀಳಬೇಡ ಅಂದೆ. ನಿನ್ನೆ 700 ವೋಲ್ಟ್ ಇದ್ದದ್ದು ಇವತ್ತು 450 ಆಗಿದ್ರೆ ಬೆರಕೆ ಸಡಿಲಾಗ್ತಿದೆ ಅಂತ, ಕೂತ ಜಾಗದಿಂದ ಏಳು. ಪ್ರೋಬ್ ಒರೆಸೋಕೆ ಸೋಪಿನ ನೀರು, ಜೈಲೀನ್ ಎರಡೂ ಬೇಡ. ಐಸೊಪ್ರೊಪನಾಲ್ ಹಾಕಿ ಒಣ ಬಟ್ಟೆಯಲ್ಲಿ ಒರೆಸಿಡು.