ಇಆರ್‌ಪಿ ಹಾಕಿಸ್ತೀರಾ? ಮಳೆಗಾಲದಲ್ಲೇ ಶುರು ಮಾಡಿ

ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಕಾಫಿ, ಕರಿಮೆಣಸು ಕೊಳ್ಳುವ ವ್ಯಾಪಾರ ಇಟ್ಟವರಿಗೆ ಇದು. ತೂಕದ ಪುಸ್ತಕ ಗೋದಾಮಿನಲ್ಲಿ, ಲೆಕ್ಕ ಟ್ಯಾಲಿಯಲ್ಲಿ, ಬೆಳೆಗಾರರಿಗೆ ಕೊಟ್ಟ ಮುಂಗಡ ಯಜಮಾನರ ಜೇಬಿನ ಚೀಟಿಯಲ್ಲಿ. ಹೀಗೇ ಅಲ್ವಾ? ಇಆರ್‌ಪಿ ಅಂದರೆ ಇದೆಲ್ಲವನ್ನೂ ಒಂದೇ ಕಡೆ ಇಡುವ ಸಾಫ್ಟ್‌ವೇರ್; ಅದರಲ್ಲಿ ತೂಕ ಒಂದು ಸಲ ಬರೆದರೆ ದಾಸ್ತಾನು, ಬಾಕಿ ಎರಡೂ ತಾವಾಗಿ ಬದಲಾಗುತ್ತವೆ.

ಸಾಫ್ಟ್‌ವೇರ್‌ನವರನ್ನು ಕರೆಸುವ ಮೊದಲು ಮಾಲಿನ ಹೆಸರುಗಳ ಪಟ್ಟಿ ಮಾಡಿ. ಬೇಜಾರಿನ ಕೆಲಸ, ನಾವೂ ಸುಮ್ನೆ ಬಿಟ್ಟಿದ್ದೆವು. ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಒಬ್ಬರ ಪುಸ್ತಕದಲ್ಲಿ ‘ಆರ್‌ಸಿ’, ಇನ್ನೊಬ್ಬರದರಲ್ಲಿ ಬರೀ ‘ಚೆರ್ರಿ’. ಹಾಗೇ ತುಂಬಿಸಿದ್ದಕ್ಕೆ ಒಂದೇ ರಾಶಿ ಎರಡು ದಾಸ್ತಾನಾಗಿ ಕೂತು, ಬಿಡಿಸುವಷ್ಟರಲ್ಲಿ ಹದಿನೈದು ದಿನ ಹೋಯಿತು.

ಡೆಮೊಗೆ ಬಂದವರು ಸೋಪು, ಬಿಸ್ಕತ್ತಿನ ಬಿಲ್ ತೋರಿಸುತ್ತಾರೆ. ಅದು ಬೇಡ, ನಿಮ್ಮದೇ ಹಳೇ ಬಿಲ್ ಕೈಗೆ ಕೊಡಿ. 50 ಕೆ.ಜಿ. ಚೆರ್ರಿಯಲ್ಲಿ 27 ಕೆ.ಜಿ. ಕ್ಲೀನ್ ಕಾಫಿ, ಅಂದರೆ ಸಿಪ್ಪೆ ತೆಗೆದ ಬೀಜ, ಬಂದರೆ ಔಟ್‌ಟರ್ನ್ 27. ಓಟಿ ರೇಟು (ಒಂದು ಔಟ್‌ಟರ್ನ್‌ಗೆ ಕೊಡುವ ದರ) 200 ಅಂದುಕೊಂಡರೆ ಆ 50 ಕೆ.ಜಿ. ಚೀಲಕ್ಕೆ 5,400 ರೂಪಾಯಿ. ತೇವ ಜಾಸ್ತಿ ಇದ್ದರೆ ಅದರ ಕಡಿತ ಬೇರೆ. ಈ ಲೆಕ್ಕ ಕೂರಿಸಲಾಗದಿದ್ದರೆ ಕಾಫಿ ಕುಡಿಸಿ ಕಳಿಸಿಬಿಡಿ.

ಇಆರ್‌ಪಿನೆಕ್ಸ್ಟ್ ಅನ್ನುವ ಇಆರ್‌ಪಿ ಸಾಫ್ಟ್‌ವೇರ್ ಓಪನ್ ಸೋರ್ಸ್, ಲೈಸೆನ್ಸಿಗೆ ದುಡ್ಡಿಲ್ಲ. ಆದರೆ ಸರ್ವರ್‌ಗೆ, ಹೊಂದಿಸಿ ಕೊಡುವವರಿಗೆ ಖರ್ಚಿದೆ. ವರ್ಷದ ವಹಿವಾಟು 5 ಕೋಟಿ ದಾಟಿದವರು ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗುವ ಬಿಲ್) ಸಾಫ್ಟ್‌ವೇರ್‌ನಿಂದಲೇ ಆಗುತ್ತದಾ ಕೇಳಿ; ಜಿಎಸ್‌ಟಿಯಲ್ಲಿ ಅದು ಕಡ್ಡಾಯವಾಗುವ ಈ ಮಿತಿ 2023ರ ಆಗಸ್ಟ್‌ನಿಂದ ಇದೆ.

ಕೆಲಸ ಜೂನ್‌ನಲ್ಲಿ ಹಿಡಿಯಿರಿ. ಆಗ ಲೋಡು ಕಡಿಮೆ, ಕಲಿಯಲು ಪುರುಸೊತ್ತು ಇರುತ್ತದೆ. ಜೊತೆಗೆ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗ ಈ ಸಾಫ್ಟ್‌ವೇರ್ ಏನು ಮಾಡುತ್ತದೆ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಒಂದು ತಿಂಗಳು ಪುಸ್ತಕ, ಕಂಪ್ಯೂಟರ್ ಎರಡರಲ್ಲೂ ಬರೆಯಿರಿ, ಸಂಜೆ ತಾಳೆ ನೋಡಿ. ತೂಕ ಹಾಕುವವರಿಗೆ ಪರದೆ ಕನ್ನಡದಲ್ಲಿರಲಿ. ನವೆಂಬರ್-ಡಿಸೆಂಬರ್‌ನ ಹುತ್ತರಿ ಹಬ್ಬದ ಹೊತ್ತಿಗೆ ಅರೇಬಿಕಾ ಬರತೊಡಗಿದರೆ ಕಲಿಸಲು ಯಾರಿಗೂ ಬಿಡುವಿರಲ್ಲ.

ಕೊನೆಗೆ ಆ ಜೇಬಿನ ಚೀಟಿ. ಒಬ್ಬೊಬ್ಬ ಬೆಳೆಗಾರರ ಜೊತೆ ಕೂತು, ಇಷ್ಟು ಮುಂಗಡ ಹೌದು ಅಂತ ಒಪ್ಪಿಸಿಕೊಂಡೇ ಆರಂಭದ ಬಾಕಿ ತುಂಬಿಸಿ. ಯಜಮಾನರು ಚೀಟಿ ಕೊಡಲು ತಕರಾರು ಮಾಡುತ್ತಾರೆ. ನಮ್ಮಪ್ಪ ಎರಡು ತಿಂಗಳು ಕೊಟ್ಟಿರಲಿಲ್ಲ.